ಹುಟ್ಟಿದರೆ ಫೋಟೊ, ಸತ್ತರೆ ಮೂರು ಸಾಲು: ಮೃಗಾಲಯ ಪ್ರಾಧಿಕಾರಕ್ಕೊಂದು ಬಹಿರಂಗ ಪತ್ರ

ಗೆ,
ಸದಸ್ಯ ಕಾರ್ಯದರ್ಶಿಗಳು,
ಕರ್ನಾಟಕ ಮೃಗಾಲಯ ಪ್ರಾಧಿಕಾರ,
ಮೈಸೂರು.

ಮಾನ್ಯರೆ,

ವಿಷಯ: ರಾಜ್ಯದ ಮೃಗಾಲಯಗಳಲ್ಲಿರುವ ಪ್ರಾಣಿಗಳ ಲೆಕ್ಕವನ್ನು ತಿಂಗಳಿಗೊಮ್ಮೆ ಜನರ ಮುಂದಿಡುವ ಬಗ್ಗೆ.

ನಮ್ಮಲ್ಲಿ ಮೃಗಾಲಯದ ಸುದ್ದಿ ಎಂದರೆ ಎರಡೇ ಬಗೆ. ಜಿರಾಫೆ ಮರಿ ಹಾಕಿತು, ಹುಲಿಮರಿಗೆ ಹೆಸರಿಟ್ಟರು, ವಿದೇಶದಿಂದ ಹೊಸ ಅತಿಥಿ ಬಂದಿಳಿಯಿತು ಎನ್ನುವುದು ಒಂದು. ವಯೋಸಹಜ ಕಾಯಿಲೆಯಿಂದ ಅಸುನೀಗಿತು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ದೊಡ್ಡ ಫೋಟೊ, ಎರಡನೆಯದಕ್ಕೆ ಮೂರು ಸಾಲು. ಯಾವ ಪ್ರಾಣಿ ಎಲ್ಲಿಂದ ಬಂತು, ಯಾವುದು ಎಲ್ಲಿಗೆ ಹೋಯಿತು, ಹುಟ್ಟಿದ ಮರಿಗಳಲ್ಲಿ ತಿಂಗಳು ತುಂಬಿದ್ದೆಷ್ಟು, ಸತ್ತದ್ದು ಯಾವುದರಿಂದ ಎನ್ನುವುದೆಲ್ಲ ನಿಮ್ಮ ರಿಜಿಸ್ಟರುಗಳಲ್ಲಿದೆ. ಗೇಟಿನಾಚೆ ಅದು ಬರುವುದಿಲ್ಲ.

ನಾವು ಕೇಳುತ್ತಿರುವುದು ಹೊಸ ಕೆಲಸವಲ್ಲ. 2009ರ ಮೃಗಾಲಯ ಮಾನ್ಯತಾ ನಿಯಮಗಳ ಪ್ರಕಾರ ಪ್ರತಿ ಮೃಗಾಲಯವೂ ಹಣಕಾಸು ವರ್ಷದ ಪ್ರಾಣಿಗಳ ಪಟ್ಟಿಯನ್ನು, ಸಾವುಗಳ ಸಂಕ್ಷಿಪ್ತ ವರದಿಯನ್ನು, ಮರಣೋತ್ತರ ಪರೀಕ್ಷೆಯಲ್ಲಿ ಕಂಡ ಕಾರಣದ ಸಮೇತ, ಏಪ್ರಿಲ್ 30ರೊಳಗೆ ಕೇಂದ್ರ ಮೃಗಾಲಯ ಪ್ರಾಧಿಕಾರಕ್ಕೆ ಕಳಿಸಲೇಬೇಕು. ದೆಹಲಿಗೆ ವರ್ಷಕ್ಕೊಮ್ಮೆ ಹೋಗುವ ಆ ಹಾಳೆ ತಿಂಗಳಿಗೊಮ್ಮೆ ಕನ್ನಡದಲ್ಲಿ ಮೈಸೂರಿನ, ಬನ್ನೇರುಘಟ್ಟದ, ತ್ಯಾವರೆಕೊಪ್ಪದ, ಗದಗದ, ಬೆಳಗಾವಿಯ ಗೇಟುಗಳ ಪಕ್ಕದಲ್ಲೂ ನಿಮ್ಮ ಜಾಲತಾಣದಲ್ಲೂ ಕಾಣಲಿ. ಅಷ್ಟೇ ನಮ್ಮ ಬೇಡಿಕೆ. ಏಕೆ ಬೇಕು ಎನ್ನುವುದನ್ನು ಮಾತ್ರ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಬೆಳಗಾವಿಯಿಂದಲೇ ಶುರುಮಾಡೋಣ. 2025ರ ನವೆಂಬರಿನಲ್ಲಿ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿದ್ದ 38 ಕೃಷ್ಣಮೃಗಗಳಲ್ಲಿ 31 ಕೆಲವೇ ದಿನಗಳಲ್ಲಿ ಸತ್ತವು. ಕಾರಣ ಗಳಲೆ ರೋಗ. ದನ, ಎಮ್ಮೆ ಸಾಕುವವರಿಗೆ ಇದು ಹಳೆಯ ಶತ್ರು. ಮಳೆಗಾಲಕ್ಕೆ ಮುಂಚೆ ಊರೂರಿನಲ್ಲಿ ಇದಕ್ಕೆ ಲಸಿಕೆ ಹಾಕುತ್ತಾರೆ. ಪಾಶ್ಚುರೆಲ್ಲ ಮಲ್ಟೊಸಿಡ ಎಂಬ ಇದರ ಬ್ಯಾಕ್ಟೀರಿಯ ಚೆನ್ನಾಗಿರುವ ಪ್ರಾಣಿಯ ಮೂಗು, ಗಂಟಲಿನಲ್ಲೂ ಸುಮ್ಮನೆ ಕೂತಿರಬಲ್ಲದು. ಹವೆ ತಟ್ಟನೆ ಬದಲಾದಾಗ, ಜಾಗ ಇಕ್ಕಟ್ಟಾದಾಗ, ಬೇರೆ ಊರಿಗೆ ಸಾಗಿಸಿದಾಗ ಪ್ರಾಣಿಯ ಮೈ ಸೋಲುತ್ತದೆ, ಬ್ಯಾಕ್ಟೀರಿಯ ರಕ್ತಕ್ಕೆ ಇಳಿಯುತ್ತದೆ. ಜೋರು ಜ್ವರ, ಗಂಟಲು ಬಾವು, ಏದುಸಿರು. ಲಕ್ಷಣ ಕಂಡ ಮೇಲೆ ಒಂದು ದಿನ ಬದುಕಿದರೂ ಹೆಚ್ಚು.

ಹಸುವಾದರೆ ಮೇವು ಬಿಟ್ಟದ್ದು ಬೆಳಿಗ್ಗೆ ಗೋದಲಿ ನೋಡಿದರೇ ಗೊತ್ತಾಗುತ್ತದೆ. ಕೃಷ್ಣಮೃಗ ಹಾಗಲ್ಲ. ಹಿಂಡಿನಲ್ಲಿ ಸೊರಗಿದ್ದನ್ನೇ ತೋಳ ಆರಿಸಿಕೊಳ್ಳುತ್ತದೆ; ಆದ್ದರಿಂದ ನೋವು ತೋರಿಸದಿರುವುದು ಅದರ ಹುಟ್ಟುಗುಣ. 30-40 ಪ್ರಾಣಿಗಳ ಹಿಂಡಿನಲ್ಲಿ ಯಾವುದು ಸಪ್ಪಗಿದೆ ಎಂದು ಪ್ರಾಣಿಪಾಲಕನಿಗೆ ತಿಳಿಯುವ ಹೊತ್ತಿಗೆ ಅದು ಮಲಗಿಬಿಟ್ಟಿರುತ್ತದೆ. 'ಹಾಗಾದರೆ ಎಲ್ಲಕ್ಕೂ ಲಸಿಕೆ ಹಾಕಿಬಿಡಿ' ಎನ್ನುವವರಿಗೆ ಒಂದು ತೊಡಕು ಗೊತ್ತಿರಬೇಕು. ಬೆನ್ನಟ್ಟಿ ಬಲೆಗೆ ಬೀಳಿಸಿ ಹಿಡಿದ ಕೃಷ್ಣಮೃಗದ ಸ್ನಾಯುಗಳಲ್ಲಿ ಆಮ್ಲ ತುಂಬಿಕೊಂಡು ಸ್ನಾಯುವೇ ಕರಗತೊಡಗುತ್ತದೆ, ಅದರ ಕೆಂಪು ಅಂಶ ಮೂತ್ರಪಿಂಡದಲ್ಲಿ ಕಟ್ಟಿಕೊಳ್ಳುತ್ತದೆ. ಹಿಡಿದ ದಿನ ಎದ್ದು ಓಡಿದ ಪ್ರಾಣಿ ಮೂರನೆಯ ದಿನ ಸಾಯುವುದು ಹೀಗೆ. ಸೂಜಿಗಿಂತ ಓಟವೇ ಅಪಾಯ.

ಹಾಗಾಗಿ ದಾರಿ ಇರುವುದು ಸುತ್ತಮುತ್ತ. ಮೃಗಾಲಯದ ಅಕ್ಕಪಕ್ಕದ ಹಳ್ಳಿಗಳ ದನಗಳಿಗೆ ಪಶುಪಾಲನಾ ಇಲಾಖೆಯಿಂದ ಸಕಾಲಕ್ಕೆ ಲಸಿಕೆ ಆಗಿದೆಯೇ ಎಂದು ಪ್ರತಿ ವರ್ಷ ಬರಹದಲ್ಲಿ ಕೇಳಿ ಇಟ್ಟುಕೊಳ್ಳಬೇಕು. ಹಸಿಮೇವು ಯಾವ ಊರಿನ ಹೊಲದಿಂದ ಬರುತ್ತದೆ ಎನ್ನುವುದಕ್ಕೆ ಪುಸ್ತಕ ಇರಬೇಕು. ಇಡೀ ಹಿಂಡನ್ನು ಒಂದೇ ಆವರಣದಲ್ಲಿ ಇಡದೆ, ನೀರಿನ ತೊಟ್ಟಿಯೂ ಪಾಲಕರೂ ಬೇರೆಯಾಗಿರುವ ಎರಡು ಆವರಣಗಳಿಗೆ ಹಂಚಬೇಕು. ಒಂದಕ್ಕೆ ಬೆಂಕಿ ಬಿದ್ದರೆ ಇನ್ನೊಂದಾದರೂ ಉಳಿಯುತ್ತದೆ. ಎಳೆಯ ವಯಸ್ಸಿನಲ್ಲೇ ಕಿರಿದಾದ ಓಣಿಯ ಮೂಲಕ ಹಾದುಹೋಗಿ ಮೇವು ತಿನ್ನುವ ಅಭ್ಯಾಸ ಮಾಡಿಸಿದರೆ ಓಣಿಯ ಎರಡೂ ಬದಿಗೆ ದಟ್ಟ ಬಟ್ಟೆ ಕಟ್ಟಿ, ಓಡಿಸದೆಯೇ ಲಸಿಕೆ ಕೊಡುವುದೂ ಸಾಧ್ಯ. ಇದು ಒಂದು ವಾರದ ಕೆಲಸವಲ್ಲ, ವರ್ಷದ ಕೆಲಸ. ಈ ಯಾವ ಕೆಲಸ ಯಾವ ಮೃಗಾಲಯದಲ್ಲಿ ಎಲ್ಲಿಯವರೆಗೆ ಬಂದಿದೆ ಎಂದು ಜನರಿಗೆ ತಿಳಿಯುವುದು ಹೇಗೆ? ಭೂತರಾಮನಹಟ್ಟಿಯ ಸುದ್ದಿ ಒಂದು ವಾರ ಮುಖಪುಟದಲ್ಲಿತ್ತು. ಆಮೇಲೆ ಏನಾಯಿತು?

ಬನ್ನೇರುಘಟ್ಟದಲ್ಲಿ 2023ರಲ್ಲಿ ನಡೆದದ್ದು ಬೇರೆ ಬಗೆಯ ಪಾಠ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದೊಳಗೆ ಏಳು ಚಿರತೆ ಮರಿಗಳು ಫೆಲೈನ್ ಪ್ಯಾನ್‌ಲ್ಯುಕೋಪೀನಿಯಾ ರೋಗಕ್ಕೆ ಬಲಿಯಾದವು. ನಾಯಿಮರಿಗಳ ರಕ್ತಭೇದಿಗೆ ಕಾರಣವಾಗುವ ಪಾರ್ವೊ ವೈರಸ್ಸಿನ ದಾಯಾದಿ ಇದು. ಬೆಕ್ಕಿನ ಕುಲಕ್ಕೆಲ್ಲ ತಗಲುತ್ತದೆ, ಬೀದಿ ಬೆಕ್ಕಿನಿಂದಲೂ ಬರುತ್ತದೆ. ಮರಿಗಳಿಗೆ ಲಸಿಕೆ ಆಗಿತ್ತು ಎಂದು ಕೇಳಿದವರು 'ಹಾಗಾದರೆ ಲಸಿಕೆಯೇ ಸುಳ್ಳು' ಎಂದರು. ಸುಳ್ಳಲ್ಲ. ತಾಯಿಯ ಗಿಣ್ಣುಹಾಲಿನಿಂದ ಬಂದ ರೋಗನಿರೋಧಕ ಅಂಶ ಮರಿಯ ರಕ್ತದಲ್ಲಿರುವಷ್ಟು ದಿನ ಅದು ಲಸಿಕೆಯನ್ನೂ ಹೊಡೆದುಹಾಕುತ್ತದೆ. ಆ ರಕ್ಷಣೆ ಯಾವ ವಾರ ಇಳಿಯುತ್ತದೆ ಎನ್ನುವುದು ಮರಿಯಿಂದ ಮರಿಗೆ ಬೇರೆ. ಅದಕ್ಕೇ 6-8 ವಾರಕ್ಕೆ ಮೊದಲ ಡೋಸ್ ಕೊಟ್ಟು, 16 ವಾರ ದಾಟುವವರೆಗೆ 3-4 ವಾರಕ್ಕೊಮ್ಮೆ ಮತ್ತೆ ಮತ್ತೆ ಕೊಡುವುದು. ನಡುವಿನ ಸಂದಿನಲ್ಲಿ ವೈರಸ್ ನುಗ್ಗಿದರೆ ಲಸಿಕೆ ಹಾಕಿದ ಮರಿಯೂ ಸಾಯುತ್ತದೆ.

ಆ ಸಂದನ್ನು ಮುಚ್ಚುವುದು ನೈರ್ಮಲ್ಯ. ಮೃಗಾಲಯಗಳಲ್ಲಿ ಹೆಚ್ಚು ಎಡವುವುದೂ ಅಲ್ಲಿಯೇ. ಈ ವೈರಸ್ ಸಿಮೆಂಟು ನೆಲದ ಬಿರುಕಿನಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಘಮಘಮ ಎನ್ನುವ ಫಿನೈಲ್ ಇದಕ್ಕೆ ಏನೂ ಮಾಡುವುದಿಲ್ಲ. ಬೇಕಾದದ್ದು ಬ್ಲೀಚ್: ಅಂಗಡಿಯಲ್ಲಿ ಸಿಗುವ ದ್ರವರೂಪದ ಬ್ಲೀಚ್ ಒಂದು ಭಾಗಕ್ಕೆ 32 ಭಾಗ ನೀರು, ನೆಲ ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ಅದಕ್ಕೂ ಮೊದಲು ಮಲ, ಮಾಂಸದ ತುಣುಕು, ಮಣ್ಣು ಎಲ್ಲವನ್ನೂ ಸೋಪುನೀರಿನಿಂದ ಉಜ್ಜಿ ತೆಗೆದಿರಬೇಕು. ಕೊಳೆ ಇದ್ದರೆ ಬ್ಲೀಚ್ ಕೊಳೆಯ ಮೇಲೇ ಖರ್ಚಾಗುತ್ತದೆ. ಆವರಣದ ಬಾಗಿಲಲ್ಲಿ ಕಾಲು ಅದ್ದಲು ಇಡುವ ತೊಟ್ಟಿಯ ಗತಿಯೂ ಇದೇ. ಬೆಳಿಗ್ಗೆ ತುಂಬಿದ ದ್ರಾವಣ ಬಿಸಿಲಿಗೆ ಮಧ್ಯಾಹ್ನದೊಳಗೆ ಸತ್ವ ಕಳೆದುಕೊಂಡಿರುತ್ತದೆ, ಹತ್ತು ಜೋಡಿ ಬೂಟು ಇಳಿದ ಮೇಲೆ ಅದು ಬರೀ ಕೆಸರುನೀರು. ನೋಡುವವರಿಗೆ ತೊಟ್ಟಿ ಇದೆ, ವೈರಸ್ಸಿಗೆ ಇಲ್ಲ. ಮರಿಗಳ ಕೋಣೆಗೆ ಹೋಗುವ ಪಾಲಕರು ದೊಡ್ಡ ಪ್ರಾಣಿಗಳ ಕಡೆಗೆ ಹೋಗದಂತೆ, ಅವರ ಬೂಟು, ಪೊರಕೆ, ಬಕೆಟ್ಟು ಅಲ್ಲಿಯೇ ಉಳಿಯುವಂತೆ ಮಾಡುವುದು ಇದಕ್ಕಿಂತ ಅಗ್ಗ, ಇದಕ್ಕಿಂತ ಗಟ್ಟಿ.

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಸಾವಿನ ನಿಜವಾದ ಕಾರಣ ಹೊರಗೆ ಬಂದರೆ ಮಾತ್ರ ಈ ಬಗೆಯ ಮಾತು ಸಾಧ್ಯ. 'ಹೃದಯಾಘಾತದಿಂದ ಸಾವು' ಎಂದು ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ. ಸಾಯುವ ಪ್ರತಿ ಪ್ರಾಣಿಯ ಹೃದಯವೂ ಕೊನೆಗೆ ನಿಲ್ಲುತ್ತದೆ. (ಗೊರಿಲ್ಲಾಗಳ ಮಾತು ಬೇರೆ. ಮೃಗಾಲಯದ ಗಂಡು ಗೊರಿಲ್ಲಾಗಳಲ್ಲಿ ಹೃದಯದ ಸ್ನಾಯು ನಾರುಗಟ್ಟುವ ಕಾಯಿಲೆ ನಿಜಕ್ಕೂ ಸಾಮಾನ್ಯ.) 'ವಯೋಸಹಜ' ಎನ್ನುವುದೂ ರೋಗದ ಹೆಸರಲ್ಲ. ಮುದಿ ಹುಲಿ, ಸಿಂಹಗಳಲ್ಲಿ ಅದು ಹೆಚ್ಚಾಗಿ ಮೂತ್ರಪಿಂಡ ಸೋತದ್ದು. ಆನೆಯಲ್ಲಾದರೆ ಆರನೆಯ, ಅಂದರೆ ಕೊನೆಯ ದವಡೆ ಹಲ್ಲು ಸವೆದು ಮೇವು ಅರೆಯಲಾಗದೆ ಸೊರಗಿದ್ದು. ಇವನ್ನು ಮುಂಚೆಯೇ ಗುರುತಿಸಬಹುದು, ಮೇವು ಬದಲಿಸಬಹುದು. ಹಾಳೆಯಲ್ಲಿ 'ಗಂಡು ಹುಲಿ, 17 ವರ್ಷ, ಮೂತ್ರಪಿಂಡ ವೈಫಲ್ಯ, ಎಂಟು ತಿಂಗಳಿಂದ ಚಿಕಿತ್ಸೆ' ಎಂದು ಒಂದು ಸಾಲು ಇದ್ದರೆ ಓದಿದವರಿಗೆ ದುಃಖದ ಜೊತೆ ವೈದ್ಯರ ಮೇಲೆ ಗೌರವವೂ ಬರುತ್ತದೆ.

ಇನ್ನು ಹಾಳೆಯ ರೂಪ. ಅದು ನಿಮಗೆ ಗೊತ್ತಿರುವುದೇ. ಓದುವ ಉಳಿದವರಿಗಾಗಿ ಬರೆಯುತ್ತೇವೆ. ಮೃಗಾಲಯದವರು ಪ್ರಾಣಿಗಳನ್ನು ಮೂರು ಅಂಕಿಗಳಲ್ಲಿ ಎಣಿಸುತ್ತಾರೆ: ಗಂಡು, ಹೆಣ್ಣು, ಲಿಂಗ ಗೊತ್ತಾಗದ್ದು. ಉದಾಹರಣೆಗೆ ಒಂದು ಜಾತಿಯ ಕೊಕ್ಕರೆ ತಿಂಗಳ ಮೊದಲ ದಿನ 10.12.8 ಎಂದಿದ್ದರೆ ಹತ್ತು ಗಂಡು, ಹನ್ನೆರಡು ಹೆಣ್ಣು, ಎಂಟು ಗೊತ್ತಿಲ್ಲದವು, ಒಟ್ಟು 30. ಹುಟ್ಟಿದ್ದು 0.0.5, ಸತ್ತದ್ದು 1.0.2, ಬೇರೆಡೆಗೆ ಕಳಿಸಿದ್ದು 2.2.0. ತಿಂಗಳ ಕೊನೆಗೆ 7.10.11, ಒಟ್ಟು 28. ಒಂದೇ ಸಾಲಿನಲ್ಲಿ ತಿಂಗಳ ಕಥೆಯೆಲ್ಲ ಬಂತು. ಮೂರನೆಯ ಅಂಕಿ ವರ್ಷದಿಂದ ವರ್ಷಕ್ಕೆ ಉಬ್ಬುತ್ತ ಹೋದರೆ ಎಳೆಯ ಹಕ್ಕಿಗಳ ಲಿಂಗಪರೀಕ್ಷೆ ಆಗುತ್ತಿಲ್ಲವೆಂದೇ ಅರ್ಥ. ಮಕಾವ್ ಗಿಳಿ, ಕೊಕ್ಕರೆಗಳಲ್ಲಿ ಗಂಡು ಹೆಣ್ಣು ಕಣ್ಣಿಗೆ ಒಂದೇ. ಕಿತ್ತ ಎರಡು ಗರಿಗಳಿಂದ ಡಿಎನ್‌ಎ ಪರೀಕ್ಷೆ ಮಾಡಬಹುದು. ಮಾಡದಿದ್ದರೆ ಎರಡು ಗಂಡುಗಳನ್ನು ಜೋಡಿಯೆಂದು ವರ್ಷಗಟ್ಟಲೆ ಸಾಕಿ, ಗೂಡುಪೆಟ್ಟಿಗೆ ಬದಲಿಸುತ್ತ ಕೂರುವುದಾಗುತ್ತದೆ.

ಸಾವಿನ ಅಂಕಿಯನ್ನು ಎರಡಾಗಿ ಒಡೆಯಿರಿ ಎನ್ನುವುದು ನಮ್ಮ ಇನ್ನೊಂದು ಮನವಿ: ಹುಟ್ಟಿದ 30 ದಿನದೊಳಗೆ ಸತ್ತವು, ಆಮೇಲೆ ಸತ್ತವು. ಮೂರನೆಯ ದಿನವೇ ಫೋಟೊ ಹೊರಬಿಟ್ಟು ಹತ್ತನೆಯ ದಿನ ಮರಿ ಇಲ್ಲವಾದಾಗ ಸುಮ್ಮನಾಗುವ ಪದ್ಧತಿ ಯಾರಿಗೂ ಒಳ್ಳೆಯದಲ್ಲ. ಮೊದಲ ಬಾರಿಗೆ ಹೆತ್ತ ಹುಲಿ ಗದ್ದಲಕ್ಕೆ ಬೆದರಿ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಮೂಲೆಯಿಂದ ಮೂಲೆಗೆ ಅಲೆಯುತ್ತದೆ, ಹಾಗೆಯೇ ಅದನ್ನು ಕೊಂದೂಬಿಡುತ್ತದೆ. ಕ್ಯಾಮೆರಾ ಹಿಡಿದ ಗಣ್ಯರು ಆ ಹೊತ್ತಿನಲ್ಲಿ ಹತ್ತಿರ ಸುಳಿಯದಿರುವುದೇ ಮರಿಗೆ ಕೊಡಬಹುದಾದ ಮೊದಲ ಉಡುಗೊರೆ. ಜನನದ ಸುದ್ದಿ 30 ದಿನ ತಡವಾಗಿ ಬಂದರೆ ಯಾರಿಗೂ ನಷ್ಟವಿಲ್ಲ.

ಬಂದವುಗಳ ಕಾಲಮ್ಮಿನಲ್ಲಿ ಎಲ್ಲಿಂದ, ಏಕೆ ಎನ್ನುವ ಎರಡು ಮಾತು ಇದ್ದರೆ ಎಷ್ಟೋ ಹುಸಿ ನಿರೀಕ್ಷೆ ತಪ್ಪುತ್ತದೆ. 2014ರಲ್ಲಿ ಪೋಲೊ ಎಂಬ ಗೊರಿಲ್ಲಾ ತೀರಿಕೊಂಡ ಮೇಲೆ ಖಾಲಿಯಾಗಿದ್ದ ಮೈಸೂರಿನ ಗೊರಿಲ್ಲಾ ಮನೆಗೆ 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬ ಬಂದವು. ಇಂದಿಗೂ ಕಂಬಿಯ ಮುಂದೆ ನಿಂತವರ ಪ್ರಶ್ನೆ ಒಂದೇ, 'ಮರಿ ಯಾವಾಗ?' ಎರಡೂ ಗಂಡು ಎನ್ನುವುದು ಅವರಿಗೆ ಗೊತ್ತಿಲ್ಲ. ಗೊರಿಲ್ಲಾ ಗುಂಪಿನಲ್ಲಿ ಒಂದು ಬೆಳ್ಳಿಬೆನ್ನಿನ ಗಂಡಿಗೆ ಹಲವು ಹೆಣ್ಣುಗಳು. ಹುಟ್ಟುವಾಗ ಮಾತ್ರ ಗಂಡು, ಹೆಣ್ಣು ಸರಿಸುಮಾರು ಸಮ. ಹಾಗಾಗಿ ಬೆಳೆದ ಗಂಡುಗಳಿಗೆ ಜಾಗವೇ ಇರುವುದಿಲ್ಲ. ಯುರೋಪಿನ ಮೃಗಾಲಯಗಳು ಅಂಥವನ್ನು ಗಂಡುಗಳದೇ ಗುಂಪು ಮಾಡಿ ಸಾಕುತ್ತವೆ. ಮೈಸೂರು ಮಾಡುತ್ತಿರುವುದು ಅದೇ ಕೆಲಸ, ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಕೆಲಸ. ಬೋರ್ಡಿನ ಮೇಲೆ ಎರಡು ಸಾಲು ಸಾಕು.

ಚೀತಾಗಳದೂ ಇದೇ ಕಥೆ. 2020ರಲ್ಲಿ ದಕ್ಷಿಣ ಆಫ್ರಿಕಾದಿಂದ ಮೈಸೂರಿಗೆ ಒಂದು ಗಂಡು, ಎರಡು ಹೆಣ್ಣು ಬಂದಾಗ ಇನ್ನೇನು ವರ್ಷದೊಳಗೆ ಮರಿ ಎಂದುಕೊಂಡವರೇ ಹೆಚ್ಚು. ಸಿಂಹ, ಹುಲಿಗಳಷ್ಟು ಸುಲಭವಲ್ಲ ಅದು. ಹೆಣ್ಣು ಚೀತಾ ಒಂಟಿ ಪ್ರಾಣಿ. ಗಂಡಿನ ಜೊತೆ ದಿನವೂ ಒಂದೇ ಆವರಣದಲ್ಲಿಟ್ಟರೆ ಅಣ್ಣತಂಗಿಯರಂತೆ ಇದ್ದುಬಿಡುತ್ತವೆ. ಕಣ್ಣಿಗೆ ಕಾಣದಷ್ಟು ದೂರ ಇಟ್ಟು, ಹೆಣ್ಣನ್ನು ಗಂಡಿಲ್ಲದ ಹೊತ್ತಿನಲ್ಲಿ ಗಂಡಿನ ಆವರಣದಲ್ಲಿ ಅಡ್ಡಾಡಿಸಿ, ಆಮೇಲೆ ಗಂಡು ಆ ವಾಸನೆ ಹಿಡಿದು ತೊದಲುವಂತೆ ಕೂಗಿದರೆ ಮಾತ್ರ ಬೆದೆ ಎಂದು ತಿಳಿದು ಒಟ್ಟುಗೂಡಿಸಬೇಕು. ಅದಕ್ಕೆ ಜಾಗ ಬೇಕು, ತಾಳ್ಮೆ ಬೇಕು.

ಹೋದವುಗಳ ಬಗ್ಗೆ ಇನ್ನೂ ಹೆಚ್ಚಿನ ವಿವರ ಬೇಕು, ಏಕೆಂದರೆ ಅನುಮಾನ ಹುಟ್ಟುವುದು ಅಲ್ಲಿ. 2025ರ ಜುಲೈನಲ್ಲಿ ಬನ್ನೇರುಘಟ್ಟದ ಸುರೇಶ, ಗೌರಿ, ಶ್ರುತಿ, ತುಳಸಿ ಎಂಬ ನಾಲ್ಕು ಆನೆಗಳು ವಿಮಾನವೇರಿ ಜಪಾನಿನ ಹಿಮೇಜಿ ಸೆಂಟ್ರಲ್ ಪಾರ್ಕಿಗೆ ಹೋದವು. ಬದಲಿಗೆ ಚೀತಾ, ಜಾಗ್ವಾರ್, ಪೂಮಾ ತಲಾ ನಾಲ್ಕು, ಚಿಂಪಾಂಜಿ ಮೂರು, ಕ್ಯಾಪುಚಿನ್ ಕೋತಿ ಎಂಟು ಎಂದು ಒಪ್ಪಂದವಾಗಿತ್ತು. ಆನೆ ಕೊಟ್ಟು ಕೋತಿ ತಂದರು ಎಂದು ಗೇಲಿ ಮಾಡಿದವರಿದ್ದಾರೆ. ನಮ್ಮದು ಆ ಮಾತಲ್ಲ. ತಿಂಗಳುಗಟ್ಟಲೆ ನಡೆದ ಕ್ರೇಟ್ (ಪ್ರಾಣಿ ಸಾಗಿಸುವ ದೊಡ್ಡ ಪೆಟ್ಟಿಗೆ) ಅಭ್ಯಾಸವೇ ಆ ಪ್ರಯಾಣದ ನಿಜವಾದ ಸುದ್ದಿಯಾಗಿತ್ತು. ಕ್ರೇಟನ್ನು ಆವರಣದಲ್ಲೇ ಇಟ್ಟು, ಮೊದಲು ಬಾಯಿಯ ಬಳಿ, ಆಮೇಲೆ ಒಳಗೆ ಮೇವಿಟ್ಟು, ಹಿಂದಿನ ಬಾಗಿಲನ್ನು ಇಂದು ಅರ್ಧ, ಮುಂದಿನ ವಾರ ಪೂರ್ತಿ ಹಾಕಿ ತೆಗೆದು, ಕದಲಿಸಿ, ಸದ್ದು ಮಾಡಿ ಪಳಗಿಸಿದರೆ ಆನೆಯನ್ನು ಮಂಪರು ಮಾಡದೆ ಕಳಿಸಬಹುದು. ಈ ಹಂತಗಳನ್ನು ಜನ ಮುಂಚೆಯೇ ನೋಡಿದ್ದರೆ ಕೊನೆಯ ದಿನದ ಗದ್ದಲ ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು. ಹೋದ ಮೇಲೂ ಲೆಕ್ಕ ಮುಗಿಯಬಾರದು. ಒಂದು ವರ್ಷದವರೆಗೆ ಮೂರು ತಿಂಗಳಿಗೊಮ್ಮೆ ಅಲ್ಲಿಂದ ತೂಕ, ಆರೋಗ್ಯದ ಮಾಹಿತಿ ತರಿಸಿ ಹಾಳೆಯಲ್ಲಿ ಹಾಕಿ.

ಜಿರಾಫೆ ಸಾಗಿಸುವುದಂತೂ ಕನ್ನಡದಲ್ಲಿ ಯಾರಾದರೂ ಕೂತು ಬರೆಯಬೇಕಾದ ವಿದ್ಯೆ. ಮಲಗಿಸಿ ಮಂಪರು ಕೊಟ್ಟರೆ ಮೇಲೆ ಬಂದ ಮೆಲುಕು ಶ್ವಾಸನಾಳಕ್ಕೆ ಇಳಿದು ಸಾಯಬಹುದು, ಉದ್ದ ಕತ್ತು ಸೊಟ್ಟಗಾದರೂ ಕೇಡು. ಆದ್ದರಿಂದ ಎಳೆಯದಿರುವಾಗಲೇ, ನಿಂತ ನಿಲುವಿನಲ್ಲೇ, ಮೇಲ್ಭಾಗ ತೆರೆದ ಎತ್ತರದ ಕ್ರೇಟಿನಲ್ಲಿ, ದಾರಿಯ ವಿದ್ಯುತ್ ತಂತಿ, ಸೇತುವೆಗಳ ಎತ್ತರವನ್ನೆಲ್ಲ ಮುಂಚೆಯೇ ಅಳೆದು, ನಿಧಾನವಾಗಿ ಒಯ್ಯಬೇಕು.

ಹಾಳೆಯಲ್ಲಿ ಇನ್ನೊಂದು ಭಾಗ ಕಡ್ಡಾಯವಾಗಿ ಇರಬೇಕು: ಪ್ರದರ್ಶನಕ್ಕಿಲ್ಲದ ಪ್ರಾಣಿಗಳು. ಮೈಸೂರಿನ ಹೊರಗೆ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರಕ್ಕೆ ಕಾಡಂಚಿನ ಊರುಗಳಲ್ಲಿ ಸೆರೆಸಿಕ್ಕ ಹುಲಿ, ಚಿರತೆಗಳು ಬರುತ್ತಲೇ ಇವೆ. ಜನ ನೋಡುವಂತಿಲ್ಲ, ನೋಡಲೂಬಾರದು. ಆದರೆ ಎಣಿಕೆ ಗೊತ್ತಾಗಬೇಕು. ಕಾಡಿನಲ್ಲಿ ಬೆಳೆದ ಹುಲಿಯನ್ನು ಇನ್ನೊಂದರ ಜೊತೆ ಬಿಡುವಂತಿಲ್ಲ, ಒಂದೊಂದಕ್ಕೂ ಬೇರೆ ಕೋಣೆ, ಬೇರೆ ಅಂಗಳ. ಕಬ್ಬಿಣ ಕಚ್ಚಿ ಕೋರೆಹಲ್ಲು ಮುರಿದುಕೊಂಡದ್ದು ಮತ್ತೆ ಕಾಡಿಗೆ ಹೋಗುವುದಿಲ್ಲ. 'ಹಿಡಿದು ಒಯ್ಯಿರಿ' ಎಂದು ರಸ್ತೆ ತಡೆಯುವ ಊರಿನವರ ಸಿಟ್ಟು ನ್ಯಾಯವಾದದ್ದೇ. ಹಾಗೆ ಹಿಡಿದ ಎಳೆಯ ಹುಲಿ ಹತ್ತು ಹದಿನೈದು ವರ್ಷ ಅಲ್ಲಿ ಬದುಕುತ್ತದೆ. ಇರುವ ಕೋಣೆ ಎಷ್ಟು, ತುಂಬಿದ್ದೆಷ್ಟು ಎನ್ನುವ ಎರಡು ಅಂಕಿ ಪ್ರತಿ ತಿಂಗಳು ಹೊರಬಂದರೆ ಮುಂದಿನ ಹುಲಿ ಎಲ್ಲಿಗೆ ಎನ್ನುವ ಪ್ರಶ್ನೆಯನ್ನು ವಿಧಾನಸೌಧದಲ್ಲೂ ಯಾರಾದರೂ ಕೇಳಿಯಾರು.

ಲೆಕ್ಕ ಹೊರಬಿಟ್ಟರೆ ಗಾಬರಿಯಾಗುತ್ತದೆ, ಟಿಕೆಟ್ ಕಡಿಮೆಯಾಗುತ್ತದೆ, ಸಿಬ್ಬಂದಿಯ ಮೇಲೆ ಹರಿಹಾಯುತ್ತಾರೆ ಎನ್ನುವ ಆತಂಕ ನಿಮಗಿರಬಹುದು. 2017ರ ಜನವರಿಯಲ್ಲಿ ಹಕ್ಕಿಜ್ವರ ಬಂದಾಗ ಮೈಸೂರು ಮೃಗಾಲಯ ಕಾರಣ ಹೇಳಿಯೇ ಸುಮಾರು ಒಂದು ತಿಂಗಳು ಬಾಗಿಲು ಹಾಕಿತ್ತು. ಬಾಗಿಲು ತೆರೆದ ಮೇಲೆ ಜನ ಬರಲಿಲ್ಲವೇ? ಸಿಬ್ಬಂದಿಯ ಮಾತು ನಿಜಕ್ಕೂ ಗಂಭೀರ. ಅದಕ್ಕೇ ಹಾಳೆಯಲ್ಲಿ ಯಾವ ಪಾಲಕನ, ಯಾವ ವೈದ್ಯರ ಹೆಸರೂ ಬೇಡ. ಒಂದು ಪ್ರಾಣಿ ಎರಡು ದಿನದಿಂದ ಮೇವು ಬಿಟ್ಟಿದೆ ಎಂದು ಮೊದಲು ಗಮನಿಸುವುದು ಪಾಲಕ. ಬೈಗುಳಕ್ಕೆ ಹೆದರಿ ಆತ ಬಾಯಿ ಮುಚ್ಚಿಕೊಂಡರೆ ಯಾವ ಪ್ರಯೋಗಾಲಯವೂ ಉಳಿಸಲಾರದು.

ಹಾಳೆ ಬದಲಿಸಲು ದಿನವೂ ಗೊತ್ತಿದೆ. ಮಂಗಳವಾರ ಮೈಸೂರಿನಲ್ಲಿ ರಜೆ, ಜನ ಇರುವುದಿಲ್ಲ. ತಿಂಗಳ ಮೊದಲ ಮಂಗಳವಾರ ಟಿಕೆಟ್ ಕೌಂಟರಿನ ಪಕ್ಕದ ಫಲಕಕ್ಕೆ ಒಂದು ಹಾಳೆ ಅಂಟಿಸಿದರೆ ಬುಧವಾರ ಬೆಳಿಗ್ಗೆ ಸರತಿಯಲ್ಲಿ ನಿಂತವರು ಓದಿಕೊಳ್ಳುತ್ತಾರೆ. ಪ್ರಾಣಿ ದತ್ತು ಪಡೆದು ದುಡ್ಡು ಕೊಟ್ಟವರಿಗೆ ಅದರ ಪ್ರತಿಯನ್ನು ಮೊಬೈಲಿಗೇ ಕಳಿಸಿ. ಮೊದಲ ಹಾಳೆಯ ಮೊದಲ ಸಾಲು ಭೂತರಾಮನಹಟ್ಟಿಯ ಕೃಷ್ಣಮೃಗದ್ದೇ ಆಗಿರಲಿ: ಉಳಿದ ಏಳರಲ್ಲಿ ಗಂಡೆಷ್ಟು, ಹೆಣ್ಣೆಷ್ಟು, ಈಗ ಅವು ಎಷ್ಟು ಆವರಣಗಳಲ್ಲಿವೆ.

ಇಂತಿ,
ರಾಜ್ಯದ ಮೃಗಾಲಯಗಳನ್ನು ಹತ್ತಿರದಿಂದ ಬಲ್ಲ ಕೆಲವರು